ಗಾಲ್ಫ್ ಗ್ರೀನ್‌ನ ತೇವ ಅಳೆಯುವ ಟಿಡಿಆರ್ ಮಾಪಕ: ಬಿರುಬೇಸಿಗೆಯಲ್ಲಿ ಎಷ್ಟು ಉಪಯೋಗ?

ಉರಿಬಿಸಿಲಲ್ಲಿ ಗ್ರೀನ್‌ನ (ಗಾಲ್ಫ್ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ) ಬೆಂಟ್‌ಗ್ರಾಸ್ ಹುಲ್ಲು ಬಾಡಿತೆಂದು ಪೈಪ್ ಹಿಡಿಯುವ ಮೊದಲು ಈ ಮಾಪಕವನ್ನು ಮಣ್ಣಿಗೆ ಚುಚ್ಚಿ ನೋಡಲೇಬೇಕು. ಬುಡದಲ್ಲಿ ತೇವವಿದ್ದೂ ಎಲೆ ಸೊರಗಬಹುದು. ಅಂಥಲ್ಲಿ ಮತ್ತೆ ನೀರು ಸುರಿದರೆ ಬೇರಿಗೆ ಗಾಳಿಯಾಡುವುದಿಲ್ಲ, ಬೇರು ಕೊಳೆಸುವ ಪಿಥಿಯಂ ರೋಗಕ್ಕೂ ದಾರಿಯಾಗುತ್ತದೆ. ಎಲೆ ತಣಿಸಲು ತೆಳು ತುಂತುರು ಸಾಕು.

ಟಿಡಿಆರ್ (ಟೈಮ್ ಡೊಮೇನ್ ರಿಫ್ಲೆಕ್ಟೊಮೆಟ್ರಿ) ಎಂದರೆ ವಿದ್ಯುತ್ ತರಂಗ ಕಳಿಸಿ ತೇವ ಅಳೆಯುವ ವಿಧಾನ. ಎರಡು ಸ್ಟೀಲ್ ಕಡ್ಡಿಗಳ ನಡುವಿನ ಮಣ್ಣಿನಲ್ಲಿ ನೀರು ಶೇಕಡಾ ಎಷ್ಟಿದೆ ಎಂದು ಮಾಪಕ ತೋರಿಸುತ್ತದೆ. ಬೇಸಿಗೆಯಲ್ಲಿ ಬೇರು ಮೋಟಾಗುವುದರಿಂದ ಸುಮಾರು 7.5 ಸೆಂ.ಮೀ. ಕಡ್ಡಿಯೇ ಒಳ್ಳೆಯದು. 20 ಸೆಂ.ಮೀ. ಕಡ್ಡಿ ಬೇರು ಮುಟ್ಟದ ಆಳದ ನೀರನ್ನೂ ಸೇರಿಸಿ ಸರಾಸರಿ ಕೊಟ್ಟು ದಾರಿ ತಪ್ಪಿಸುತ್ತದೆ.

ಎಲ್ಲ ಗ್ರೀನ್‌ಗೂ ಹೊಂದುವ ಒಂದೇ ಅಂಕಿ ಇಲ್ಲ. ಹುಲ್ಲು ನೀಲಿ-ಬೂದು ಬಣ್ಣಕ್ಕೆ ತಿರುಗಿ, ಹೆಜ್ಜೆಗುರುತು ಮೇಲೇಳದೆ ಉಳಿದಾಗ ಎಷ್ಟು ತೋರಿಸುತ್ತದೋ ಬರೆದಿಡಿ. ಅದಕ್ಕಿಂತ ಮೂರ್ನಾಲ್ಕು ಅಂಶ ಮೇಲಿರುವಾಗಲೇ ಕೈಯಿಂದ ನೀರುಣಿಸಿ. ಬೆಳಿಗ್ಗೆ ಅಳೆಯುವಾಗ ದಿಬ್ಬ, ಅಂಚುಗಳನ್ನು ಬಿಡಬೇಡಿ. ಒಂದೆಡೆ 8, ಒಂದಡಿ ಆಚೆ 22 ಬಂದರೆ ಒಣಗಿದ ಕಡೆ ಗ್ರೀನ್‌ನ ಬುಡದ ಮರಳು ನೀರನ್ನು ಹೀರುತ್ತಿಲ್ಲವೆಂದರ್ಥ. ಅಲ್ಲಿ ಸಣ್ಣ ತೂತು ಹೊಡೆದು, ವೆಟಿಂಗ್ ಏಜೆಂಟ್ (ನೀರು ಮಣ್ಣಿಗಿಳಿಯಲು ನೆರವಾಗುವ ದ್ರವ್ಯ) ಹಾಕಿ, ನಿಧಾನವಾಗಿ ನೆನೆಸಬೇಕು. ಸ್ಪ್ರಿಂಕ್ಲರ್ ಹೆಚ್ಚು ಹೊತ್ತು ಓಡಿಸಿದರೆ ನೀರು ಪಕ್ಕಕ್ಕೆ ಹರಿದುಹೋಗುತ್ತದೆ.

ದೌರ್ಬಲ್ಯಗಳೂ ಇವೆ. ಓರೆಯಾಗಿ ಚುಚ್ಚಿದರೆ ಅಥವಾ ಅಲುಗಾಡಿಸಿದರೆ ಕಡ್ಡಿಯ ಸುತ್ತ ಗಾಳಿ ಸೇರಿ ಅಂಕಿ ಇಳಿಯುತ್ತದೆ. ಉಪ್ಪುನೀರು ಬಳಸುವಲ್ಲಿ ಏರುತ್ತದೆ. ಒಣಗಿ ಗಟ್ಟಿಯಾದ ನೆಲದಲ್ಲಿ ಕಡ್ಡಿ ಬೇಗ ಬಾಗುತ್ತದೆ, ಹಾಗಾಗಿ ಹೆಚ್ಚುವರಿ ಜೋಡಿ ಜೊತೆಗೇ ಕೊಳ್ಳಿ. ಅಳೆದ ಜಾಗವನ್ನು ಗುರುತಿಡುವ ಜಿಪಿಎಸ್ ಮಾದರಿ ಅನುಕೂಲವೇ ಹೊರತು ಅನಿವಾರ್ಯವಲ್ಲ.