ಅಲೆಖಿನ್ ಡಿಫೆನ್ಸ್ ಕಲಿಸೋ ರವಿವಾರದ ಚೆಸ್ ಕ್ಲಾಸ್, ವಿಜಯಪುರ

ಗೋಳಗುಮ್ಮಟದ ಕಡೆ ಇರೋ ಒಂದು ಚೆಸ್ ಕ್ಲಾಸಿಗೆ ಎರಡು ತಿಂಗಳಿಂದ ಮಗನ್ನ ಕರ್ಕೊಂಡು ಹೋಗಾಕತ್ತೀನಿ, ನಾನೂ ಹಿಂದಿನ ಬೆಂಚಿನ್ಯಾಗ ಕುಂತು ಕಲೀತೀನಿ, ಭಾಳ ಚಲೋ ಅನಿಸ್ತು ಅದಕ್ಕ ಬರದೀನಿ. ಅಲೆಖಿನ್ ಡಿಫೆನ್ಸ್ ಅಂದ್ರ ಕರಿ ಕಾಯಿ ಆಡೋರು ಆಟ ಶುರು ಮಾಡೋ ಒಂದು ಪದ್ಧತಿ: ಬಿಳಿಯವರು ರಾಜನ ಮುಂದಿನ ಪ್ಯಾದೆ ಇ4ಕ್ಕ (ಇವು ಬೋರ್ಡಿನ ಮನಿಗಳ ಹೆಸರು) ಇಟ್ರ ನಾವು ಸೀದಾ ಕುದುರಿ ಎಫ್6ಕ್ಕ ತರೋದು. ಅವರು ಇ5 ನೂಕಿದ್ರ ಕುದುರಿ ಡಿ5, ಸಿ4 ಬಂತಂದ್ರ ಬಿ6. ನೋಡಾಕ ಕುದುರಿ ಓಡಿ ಹೊಂಟಂಗ ಕಾಣತೈತಿ ಖರೆ, ಆದ್ರ ಅಷ್ಟರಾಗ ಅವರ ಪ್ಯಾದೆ ಎಲ್ಲಾ ಮುಂದ ಬಂದು ನಿಂತಿರ್ತಾವ, ಅವನ್ನ ಕಾಯೋದ ಅವರಿಗೆ ಕೆಲಸ ಆಗತೈತಿ, ನಾವು ಡಿ6 ಹಾಕಿ, ಬಿಷಪ್ ಜಿ4ಕ್ಕ ತಂದು ಬೋರ್ಡಿನ ನಡುವ ನಿಂತ ಆ ಪ್ಯಾದೆಗಳನ್ನ ಒಡೀತಾ ಹೋಗೋದು.

1921ರಾಗ ಬುಡಾಪೆಸ್ಟ್‌ನ್ಯಾಗ ಚೆಸ್ ಆಟಗಾರ ಅಲೆಖಿನ್ ಇದನ್ನ ಆಡಿದ್ರು, ಅವರ ಹೆಸರ ಉಳೀತು. 1972ರ ವಿಶ್ವ ಚಾಂಪಿಯನ್‌ಶಿಪ್ 13ನೇ ಆಟದಾಗ ಫಿಷರ್ ಇದನ್ನ ಸ್ಪಾಸ್ಕಿ ಎದುರಿಗೆ ಹಾಕಿ ಗೆದ್ರು. ಸರ್ ಆ ಒಂದ ಆಟಕ್ಕ ಪೂರ್ತಿ ರವಿವಾರ ಕೊಟ್ರು ನೋಡ್ರಿ, ಫಿಷರ್ ರೂಕ್ ಜಿ8ರಾಗ ಸಿಕ್ಕೊಂಡಿದ್ರೂ ಬರೇ ಪ್ಯಾದೆ ನೂಕಿ ಗೆಲ್ಲೋದು ತೋರಿಸ್ದಾಗ ಹುಡುಗ್ರು ಎದ್ದು ನಿಂತು ಬೋರ್ಡ್ ನೋಡಾಕತ್ತಿದ್ರು, ನನಗ ಮೈ ಝುಂ ಅಂತು!

ಒಂದ ಬ್ಯಾಸರ, ಬಿಳಿಯವರು ಎಫ್4 ಸೇರಿಸಿ ನಾಕು ಪ್ಯಾದೆ ಒಮ್ಮೆಲೆ ತರೋ ಲೈನ್ (ನಡೆಗಳ ಸಾಲು) ಅರ್ಧ ತಾಸಿನ್ಯಾಗ ಮುಗಿಸಿಬಿಟ್ರು. ಕರಿ ಕಡೆಯವರಿಗೆ ಕಷ್ಟ ಆಗೋದ ಅಲ್ಲಿ, ಒಂದ ತಪ್ಪಿದ್ರ ಉಸಿರಾಡಾಕ ಜಾಗ ಇರಂಗಿಲ್ಲ. ಅದಕ್ಕ ಇನ್ನೆರಡು ಕ್ಲಾಸ್ ಬೇಕಿತ್ರಿ, ಸರ್‌ಗೂ ಹೇಳೀನಿ. ಬೋರ್ಡ್ ಎಲ್ಲಾರಿಗೂ ಸಾಕಾಗ್ತಾವ, ಫೀ ಜಾಸ್ತಿ ಇಲ್ಲ. ಚೆಸ್ ಹೊಸದಾಗಿ ಕಲಿಯೋ ಸಣ್ಣ ಹುಡುಗ್ರನ್ನ ಮಾತ್ರ ಮೊದ್ಲು ಬೇಸಿಕ್ ಬ್ಯಾಚಿಗೇ ಹಾಕ್ರಿ.