ಗದೆ, ಕಿರೀಟಕ್ಕೆ ಎಲ್‌ಇಡಿ ಸರ: ಪೆನ್ಸಿಲ್ ಸೆಲ್‌ನದನ್ನೇ ತನ್ನಿ

ತಾಮ್ರದ ತಂತಿಯ ಎಲ್‌ಇಡಿ ಸರ ಗೊತ್ತಲ್ವಾ? ಗಾಜಿನ ಬಾಟಲಿಯೊಳಗೆ ತುಂಬಿಸಿ ಶೋಕೇಸ್‌ನಲ್ಲಿ ಇಡುತ್ತಾರಲ್ಲ, ಅದೇ. ನಮ್ಮ ಮನೆಯಲ್ಲಿ ಅದು ಜಾಸ್ತಿ ಉರಿದಿರುವುದು ಮಕ್ಕಳ ವೇಷದ ಮೇಲೆ. ಅಷ್ಟಮಿಗೆ ಕೃಷ್ಣನ ಚಕ್ರ, ಶಾಲೆಯ ನಾಟಕಕ್ಕೆ ಭೀಮನ ಗದೆ, ಯಾರಿಗೋ ಕಿರೀಟ. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಸರದ ಬಗ್ಗೆ ದೂರಿಲ್ಲ. ದೂರೇನಿದ್ದರೂ ಅದರ ಸೆಲ್ ಡಬ್ಬಿಯ ಮೇಲೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಬಗೆ ಸಿಗುತ್ತದೆ. ಒಂದಕ್ಕೆ ಸಿಆರ್2032 ಬಟನ್ ಸೆಲ್ ಬೇಕು. ಇನ್ನೊಂದಕ್ಕೆ ಮೂರು ಪೆನ್ಸಿಲ್ ಸೆಲ್, ಅಂದರೆ ಎಎ. ಬಟನ್ ಸೆಲ್‌ನದು ಹಗುರ, ಅಡಗಿಸಿಡುವುದು ಸುಲಭ ಅಂತ ಎಲ್ಲರ ಕೈ ಮೊದಲು ಅದಕ್ಕೇ ಹೋಗುತ್ತದೆ. ಆದರೆ ಆ ಸೆಲ್‌ನಲ್ಲಿರುವುದು ಸುಮಾರು 220 ಎಂಎಎಚ್ (ಸೆಲ್‌ನಲ್ಲಿ ಎಷ್ಟು ಚಾರ್ಜ್ ಇದೆ ಅನ್ನುವ ಅಳತೆ) ಅಷ್ಟೇ. ಅದೂ ತೂಕದ ಯಂತ್ರ, ಕಾರಿನ ಕೀ ಇಂಥವು ಚೂರುಚೂರೇ ಕರೆಂಟ್ ಎಳೆದರೆ. ಇಪ್ಪತ್ತು ಬಲ್ಬು ಒಟ್ಟಿಗೆ ಎಳೆದರೆ ಮೊದಲು ಜಗಜಗ, ಮೇಕಪ್ ಮುಗಿದು ಸರದಿ ಬರುವಷ್ಟರಲ್ಲಿ ಮಂಕು. ಒಳ್ಳೆಯ ಆಲ್ಕಲೈನ್ ಎಎ ಸೆಲ್‌ನಲ್ಲಿ 2000 ಎಂಎಎಚ್‌ಗೂ ಮೇಲಿರುತ್ತದೆ. ರಿಹರ್ಸಲ್, ನಾಟಕ, ಆಮೇಲೆ ಅಜ್ಜಿ ಮನೆಯ ಫೋಟೊ, ಎಲ್ಲಕ್ಕೂ ಒಂದೇ ಸೆಟ್ ಸೆಲ್ ಸಾಕಾಗಿದೆ. ಚಾರ್ಜ್ ಮಾಡುವ ಸೆಲ್ ಹಾಕಿದರೆ ಬೆಳಕು ಸ್ವಲ್ಪ ಕಮ್ಮಿ. ಅವು 1.2 ವೋಲ್ಟಿನವು, ಮಾಮೂಲಿ ಸೆಲ್ 1.5.

ಬಟನ್ ಸೆಲ್ ಬೇಡ ಅನ್ನಲು ಇನ್ನೂ ದೊಡ್ಡ ಕಾರಣವಿದೆ. ಪುಟ್ಟ ಮಕ್ಕಳು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಗ್ರೀನ್ ರೂಮಿನಲ್ಲಿ ವೇಷ ಹಾಕಿದ ಮಗುವಿನ ಜೊತೆ ಅದರ ತಮ್ಮ, ತಂಗಿಯರೂ ಓಡಾಡುತ್ತಿರುತ್ತಾರೆ. ಅದನ್ನೇ ಬಳಸಬೇಕಾಗಿ ಬಂದರೆ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನು ಮಾತ್ರ ತನ್ನಿ.

ಪೆನ್ಸಿಲ್ ಸೆಲ್‌ಗೆ ತೂಕವಿದೆ, ನಿಜ. ಮೂರು ಸೇರಿದರೆ ಸುಮಾರು 70 ಗ್ರಾಂ. ಅಷ್ಟನ್ನು ಕಿರೀಟದ ಹಿಂದೆ ಇಟ್ಟರೆ ಕಿರೀಟ ಜಾರುತ್ತದೆ. ನಾನು ಡಬ್ಬಿಯನ್ನು ಸೊಂಟಪಟ್ಟಿಗೆ ಸಿಕ್ಕಿಸಿ, ತಂತಿಯನ್ನು ಶಲ್ಯದ ಅಡಿಯಿಂದ ಮೇಲಕ್ಕೆ ತರುತ್ತೇನೆ. ಗದೆಗಾದರೆ ಹಿಡಿಯ ಕೆಳತುದಿಯೇ ಸರಿಯಾದ ಜಾಗ. ಮೇಲಿನ ಗುಂಡಿನೊಳಗೆ ತುರುಕಿದರೆ ಏಳು ವರ್ಷದ ಭೀಮಸೇನನಿಗೆ ಎತ್ತಲು ಕಷ್ಟ, ಸ್ವಿಚ್ಚೂ ಕೈಗೆ ಸಿಗುವುದಿಲ್ಲ. ಬಿಸಿ ಗ್ಲೂ ಗನ್ನನ್ನು ಥರ್ಮಾಕೋಲ್ ಹತ್ತಿರ ತರಬೇಡಿ, ಕರಗಿ ಗುಳಿ ಬೀಳುತ್ತದೆ. ಫೆವಿಕಾಲ್ ನಿಧಾನ, ಆದರೆ ಅದೇ ವಾಸಿ.

ಬಣ್ಣದ ವಿಷಯದಲ್ಲಿ ನನ್ನದು ಹಟವೇ ಅನ್ನಿ. ಜರಿ, ಚಿನ್ನದ ಕಾಗದದ ಮೇಲೆ ವಾರ್ಮ್ ವೈಟ್, ಅಂದರೆ ಹಳದಿ ಛಾಯೆಯ ಬೆಳಕು ಮಾತ್ರ. ಅಚ್ಚ ಬಿಳಿ ಬೆಳಕು ಬಿದ್ದರೆ ಚಿನ್ನ ತಗಡಿನ ಹಾಗೆ ಕಾಣುತ್ತದೆ. ಬಲ್ಬುಗಳು ಚುಕ್ಕಿಚುಕ್ಕಿಯಾಗಿ ಕಣ್ಣಿಗೆ ಚುಚ್ಚದಿರಲಿ ಅಂದರೆ ಮೇಲೊಂದು ಪದರ ಬಟರ್ ಪೇಪರ್ ಸಾಕು. ವೇದಿಕೆಯ ದೊಡ್ಡ ಲೈಟು ಪೂರ್ತಿ ಹಾಕಿದ್ದರೆ ಇದ್ಯಾವುದೂ ಕಾಣುವುದಿಲ್ಲ, ಲೈಟಿನವರಿಗೆ ಮೊದಲೇ ಹೇಳಿಡಿ.

ಸಾದಾ ಸರದಲ್ಲಿ ಬಲ್ಬುಗಳು ಪ್ಯಾರಲಲ್ ಆಗಿ, ಅಂದರೆ ಒಂದೊಂದೂ ಎರಡು ತಂತಿಗಳ ನಡುವೆ ಬೇರೆಬೇರೆಯಾಗಿ ಕೂತಿರುತ್ತವೆ. ಉದ್ದ ಜಾಸ್ತಿಯಾದರೆ ಡಬ್ಬಿಯಿಂದ ದೂರದ ತುದಿಯನ್ನು ಕತ್ತರಿಸಬಹುದು, ಉಳಿದವು ಉರಿಯುತ್ತವೆ. ಕತ್ತರಿಸಿದ ತುದಿಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ. ತಂತಿ ಸಾಮಾನ್ಯವಾಗಿ ತುಂಡಾಗುವುದು ಡಬ್ಬಿಯಿಂದ ಹೊರಬರುವ ಕಡೆ. ಅಲ್ಲಿ ಒಂದು ಹನಿ ಗ್ಲೂ ಹಾಕಿದ ಸರಗಳೆಲ್ಲ ಇನ್ನೂ ಬದುಕಿವೆ. ಸ್ವಿಚ್ ಮಾತ್ರ ತೀರಾ ಕಳಪೆ. ವರ್ಷ ಕಳೆದರೆ ಸಡಿಲವಾಗಿ, ಕುಣಿಯುವಾಗ ತಾನೇ ಆರುತ್ತದೆ. ನಾಟಕದ ದಿನ ಅದರ ಮೇಲೂ ಟೇಪ್ ಅಂಟಿಸುತ್ತೇನೆ.

ಪಕ್ಕದ ಮನೆಯವರು ಒಮ್ಮೆ ಗದೆ ಒಯ್ದು, ಸೆಲ್ ಒಳಗೇ ಬಿಟ್ಟು ತಿಂಗಳುಗಟ್ಟಲೆ ಆದ ಮೇಲೆ ವಾಪಸ್ ಕೊಟ್ಟರು. ಸೆಲ್ ಸೋರಿ ಸ್ಪ್ರಿಂಗ್ ಮೇಲೆಲ್ಲ ಬಿಳಿ ಪುಡಿ. ಹತ್ತಿಗೆ ನಿಂಬೆರಸ ಅದ್ದಿ ಒರೆಸಿ, ಒಣಗಿಸಿದ ಮೇಲೆ ಮತ್ತೆ ಹತ್ತಿಕೊಂಡಿತು. ಈಗ ಯಾರಾದರೂ ಕೇಳಿದರೆ ಸೆಲ್ ತೆಗೆದೇ ಕೊಡುತ್ತೇನೆ, ಅವರ ಸೆಲ್ ಅವರೇ ಹಾಕಿಕೊಳ್ಳಲಿ.