ಮೆಕ್ಯಾನಿಕಲ್ ವಾಲ್ವಾ, ಟಿಶ್ಯೂ ವಾಲ್ವಾ?

ಹೊಸನಗರದ ನಿಮ್ಮ ಅಕ್ಕನಿಗೆ ಹೃದಯದ ಯಾವ ವಾಲ್ವ್ ಹಾಕಿಸುವುದು ಅಂತ ಕೇಳಿದ್ದೀರಿ. ಬಾಳಿಕೆಯಲ್ಲಿ ಕಾರ್ಬನ್, ಲೋಹದಿಂದ ಮಾಡಿದ ಮೆಕ್ಯಾನಿಕಲ್ಲೇ ಮುಂದು. 20 ವರ್ಷ ದಾಟಿಯೂ ನಡೆಯುತ್ತದೆ. ದನ, ಹಂದಿಯ ಅಂಗಾಂಶದಿಂದ ಮಾಡಿದ ಟಿಶ್ಯೂ ವಾಲ್ವ್ ಸಾಮಾನ್ಯವಾಗಿ 10–15 ವರ್ಷ. ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ ಹಾಳಾಗುತ್ತದೆ.

ಆದರೆ ಮೆಕ್ಯಾನಿಕಲ್‌ಗೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಜೀವನಪೂರ್ತಿ ಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಆಗಾಗಿನ ಐಎನ್‌ಆರ್ ಪರೀಕ್ಷೆಯೂ ಬೇಕು. ಮಳೆಗಾಲದಲ್ಲಿ ಅದಕ್ಕೆಂದೇ ಶಿವಮೊಗ್ಗಕ್ಕೆ ಓಡಾಡುವುದು ಕಷ್ಟ ಅಲ್ವಾ? ಹತ್ತಿರದಲ್ಲೇ ಲ್ಯಾಬ್ ಇದೆಯಾ, ಮೊದಲು ನೋಡಿ. ಅಡಿಕೆ ಸುಲಿಯುವಾಗ ಕತ್ತಿ ತಾಗಿದರೂ, ಉಂಬಳ ಕಚ್ಚಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಬಸುರಿಯಾದರೆ ಈ ಮಾತ್ರೆಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆ ಆಗಬಹುದು.

65 ದಾಟಿದವರಿಗೆ ಹೆಚ್ಚಾಗಿ ಟಿಶ್ಯೂ ಹೊಂದುತ್ತದೆ. 50ರೊಳಗಿದ್ದು, ಪರೀಕ್ಷೆ ತಪ್ಪಿಸದವರಿಗೆ ಮೆಕ್ಯಾನಿಕಲ್. ಅಕ್ಕನಿಗೆ ಇನ್ನೂ ಮಕ್ಕಳು ಬೇಕಿದ್ದರೆ, ಮತ್ತೊಂದು ಆಪರೇಷನ್ ಬರಬಹುದು ಎಂದು ಗೊತ್ತಿದ್ದೇ ಟಿಶ್ಯೂ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.